ಮನೆಗೊಬ್ಬರು ಸಾಕು ಅಂದ ಬೀದಿಯಲ್ಲಿ

ಬೇಸಿಗೆ ಈಗಷ್ಟೇ ಕಾಲಿಡುತ್ತಿದೆ. ಬೀದಿಯ ಕೊನೆಯ ನಲ್ಲಿಯಲ್ಲಿ ಹೆಬ್ಬೆರಳು ಗಾತ್ರ ಬರುತ್ತಿದ್ದ ನೀರು ಕಿರುಬೆರಳಿಗಿಳಿದಿದೆ. ಒಂದು ಕೊಡ ತುಂಬುವಷ್ಟರಲ್ಲಿ ಹಿಂದೆ ನಿಂತವರು ಒಂದು ಜಗಳ ಶುರುಮಾಡಿ, ಮುಗಿಸಿ, ರಾಜಿಯೂ ಆಗಿಬಿಡಬಹುದು. ಬೆಳಕಿನ್ನೂ ಪೂರ್ತಿ ಹರಿದಿಲ್ಲ. ಪ್ಲಾಸ್ಟಿಕ್ ಕೊಡ, ಬಣ್ಣದ ಖಾಲಿ ಡಬ್ಬ, ಹಿಡಿ ಮುರಿದ ಬಕೆಟ್ಟು, ಹೀಗೆ ಸಾಲು ಬಳುಕುತ್ತ ಮೂಲೆಯ ಸೈಕಲ್ ಅಂಗಡಿಯವರೆಗೂ ಹೋಗಿದೆ. ಈ ಸಾಲಿನಲ್ಲಿ ಕೊಡವೇ ಇಲ್ಲದೆ ನಿಂತವಳು ಒಬ್ಬಳೇ. ಹೆಗಲಿಗೊಂದು ಬಟ್ಟೆಯ ಚೀಲ, ಕಾಲಿಗೆ ಹಿಮ್ಮಡಿ ಸವೆದ ಚಪ್ಪಲಿ. ಅವಳ ಮನೆಯಲ್ಲಿ ನೀರಿದೆ. ಆದರೂ ದಿನಾ ಬೆಳಿಗ್ಗೆ ಇಲ್ಲಿ ಹಾಜರು. ಅದಕ್ಕೇ ಬೀದಿ ಅವಳನ್ನು ನಲ್ಲಿಯಕ್ಕ ಅನ್ನುತ್ತದೆ. ಬೆನ್ನ ಹಿಂದೆ ಪೀಡೆ ಅನ್ನುವುದೂ ಉಂಟು. ಅದು ಅವಳಿಗೂ ಗೊತ್ತು.

"ಮನೆ ಬಾಗಿಲಿಗೆ ಹೋದ್ರೆ ಒಳಗಿಂದಲೇ 'ಅವರಿಲ್ಲ, ಹೊರಗೆ ಹೋಗಿದ್ದಾರೆ' ಅಂತಾರೆ. ಹಂಗೆ ಕೂಗಿ ಹೇಳೋಳು ಅವಳೇ!" ಎನ್ನುತ್ತಾಳೆ ನಲ್ಲಿಯಕ್ಕ. "ಇಲ್ಲಿ ಹಂಗಾಗಲ್ಲ. ಸರದಿ ಬಿಟ್ಟು ಯಾವಳೂ ಓಡಲ್ಲ. ನೀರು ಕಮ್ಮಿ ಆದಷ್ಟೂ ನನ್ನ ಕೆಲಸಕ್ಕೆ ಒಳ್ಳೇದು. ಮಳೆಗಾಲದಲ್ಲಿ ನನ್ನ ಮಾತು ಕೇಳೋ ಗತಿ ಯಾರಿಗೂ ಬರಲ್ಲ."

ಅವಳ ಕೆಲಸವೇನೆಂದರೆ, ಮೂವತ್ತು ದಾಟಿದ ಹೆಂಗಸರನ್ನು ಒಪ್ಪಿಸಿ ಆರೋಗ್ಯ ಕೇಂದ್ರಕ್ಕೆ ಕಳಿಸುವುದು. ಅಲ್ಲಿ ನರ್ಸಮ್ಮ ಗರ್ಭಕೋಶದ ಬಾಯಿಗೆ ಮದ್ದಿನ ನೀರು ಸವರಿ, ದೀಪ ಹಿಡಿದು ನೋಡುತ್ತಾರೆ. ಕ್ಯಾನ್ಸರ್ ಆಗುವ ಮುಂಚಿನ ಸುಳಿವೇನಾದರೂ ಇದ್ದರೆ ಆ ಜಾಗ ಬೆಳ್ಳಗಾಗಿ ಕಾಣುತ್ತದೆ. ಕೊಯ್ಯುವುದಿಲ್ಲ, ಹೊಲಿಯುವುದಿಲ್ಲ. ಒಂದು ಲೋಟ ಚಹಾ ಆರುವಷ್ಟರಲ್ಲಿ ಮುಗಿಯುತ್ತದೆ. ಇಷ್ಟನ್ನು ಹೇಳಲು ನಲ್ಲಿಯಕ್ಕನಿಗೆ ಅರ್ಧ ಕೊಡ ತುಂಬುವಷ್ಟು ಹೊತ್ತು ಸಾಕು. ಕೇಳುವವರು ಒಪ್ಪಬೇಕಾದರೆ ಮಾತ್ರ ಎಷ್ಟು ಬೇಸಿಗೆ ಕಳೆಯಬೇಕೋ ಹೇಳಲಾಗುವುದಿಲ್ಲ.

"ನಂಗೇನಾಗಿದೆ ಅಂತ ಬರಲಿ?" ಎನ್ನುತ್ತಾಳೆ ಬಣ್ಣದ ಡಬ್ಬ ಹಿಡಿದು ನಿಂತ ಡಬ್ಬದವಳು.

"ಏನೂ ಆಗಿಲ್ಲ, ಅದಕ್ಕೇ ಬಾ ಅಂತಿದೀನಿ."

"ಏನೂ ಆಗದೆ ಆಸ್ಪತ್ರೆಗೆ ಹೋಗೋಕೆ ನಂಗೇನು ಹುಚ್ಚಾ ಅಕ್ಕ?"

"ನಮ್ಮನೆಯವರನ್ನ ಕೇಳಬೇಕು," ಅಂತ ಇನ್ನೊಬ್ಬಳು. ಹಿಂದಿನ ವಾರ ಮನೆಯವರನ್ನು ಕೇಳದೆಯೇ ಮಂಚ ಮಾರಿ ಬೀರು ಕೊಂಡವಳು ಇವಳೇ. ಮತ್ತೊಬ್ಬಳು, ಅಲ್ಲಿಗೆ ಹೋದರೆ ಗರ್ಭಕೋಶವನ್ನೇ ತೆಗೆದುಬಿಡುತ್ತಾರಂತೆ ಎಂದು ಪಕ್ಕದವಳ ಕಿವಿಯಲ್ಲಿ ಊರಿಗೆಲ್ಲ ಕೇಳುವಂತೆ ಪಿಸುಗುಟ್ಟುತ್ತಾಳೆ. ಎಲ್ಲಕ್ಕಿಂತ ಹೆಚ್ಚಾಗಿ ಸಿಗುವ ಉತ್ತರ "ಮುಂದಿನ ವಾರ ನೋಡೋಣ." ಈ ಬೀದಿಯ ಮುಂದಿನ ವಾರಗಳನ್ನೆಲ್ಲ ಒಟ್ಟು ಹಾಕಿದರೆ ಒಂದು ಯುಗ ಆಗುತ್ತದೆ ಎಂದು ನಲ್ಲಿಯಕ್ಕ ಹಣೆ ಚಚ್ಚಿಕೊಳ್ಳುತ್ತಾಳೆ.

ಈ ಕೆಲಸಕ್ಕೆ ಬರುವ ಮುಂಚೆ ಅವಳು ದೊಡ್ಡಾಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಆಯಾ. ಹಾಸಿಗೆಯ ಬಟ್ಟೆ ಬದಲಾಯಿಸುವುದು, ಬೆಡ್‌ಪ್ಯಾನ್ ಇಡುವುದು, ಎದ್ದು ಕೂರಲಾಗದವರಿಗೆ ಬೆನ್ನಿನ ಕೆಳಗೆ ಕೈ ಕೊಡುವುದು. ಮೂಲೆಯ ಆರು ಮಂಚಗಳಲ್ಲಿ ಈ ಕಾಯಿಲೆಯವರೇ ಇರುತ್ತಿದ್ದರು. ಬರುವಾಗಲೇ ಕೈ ಮೀರಿರುತ್ತಿತ್ತು. ಬೆಳಿಗ್ಗೆ ಹಾಸಿದ ಬಟ್ಟೆ ಮಧ್ಯಾಹ್ನಕ್ಕೆ ಮತ್ತೆ ತೆಗೆಯಬೇಕಾಗುತ್ತಿತ್ತು. ಆ ವಾಸನೆ ಮನೆಗೆ ಹೋಗಿ ಎಷ್ಟು ಸೋಪು ಹಾಕಿ ತಿಕ್ಕಿದರೂ ಬೆರಳ ಸಂದಿಯಲ್ಲಿ ಉಳಿಯುತ್ತಿತ್ತು. ಪ್ರತಿಯೊಬ್ಬರೂ ಹೇಳುತ್ತಿದ್ದದ್ದು ಒಂದೇ ಮಾತು, ಹೋದ ವರ್ಷದವರೆಗೂ ನಂಗೇನೂ ಇರಲಿಲ್ಲ.

"ಅಯ್ಯೋ ಪಾಪ ಅಂತ ಈ ಕೆಲಸಕ್ಕೆ ಬಂದೆ ಅಂದ್ಕೋಬೇಡಿ. ಸಿಟ್ಟು ಬಂದು ಬಂದೆ," ಎನ್ನುತ್ತಾಳೆ. "ಒಂದು ಸಲ ಬಂದು ತೋರಿಸ್ಕೊಂಡಿದ್ರೆ ಆಗ್ತಿತ್ತಲ್ಲ, ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ದೊಡ್ಡ ದಂಡವಾ ಅಂತ. ಸಾಯ್ತಿರೋರ ಮೇಲೆ ಸಿಟ್ಟು ಮಾಡ್ಕೊಳ್ಳೋಕಾಗುತ್ತಾ? ಅದಕ್ಕೆ ಬದುಕಿರೋರ ಮೇಲೆ ಮಾಡ್ಕೊಳ್ಳೋಣ ಅಂತ ಇಲ್ಲಿಗೆ ಬಂದೆ."

ಸೇರಿದ ದಿನವೇ ಮೊದಲು ತಾನು ತೋರಿಸಿಕೊಂಡಳು. ಅದಿಲ್ಲದೆ ಬೀದಿಗಿಳಿದರೆ ಹೆಂಗಸರು ಹರಿದು ತಿಂದುಬಿಡುತ್ತಾರೆಂದು ಅವಳಿಗೆ ಗೊತ್ತಿತ್ತು. ಗಂಡ ಗೋದಾಮಿನ ಕಾವಲುಗಾರ; ಇವಳು ಹೊರಡುವ ಹೊತ್ತಿಗೆ ಅವನು ಮನೆಗೆ ಬಂದು ಮಲಗುತ್ತಾನೆ. "ಊರ ಹೆಂಗಸರ ಜೊತೆ ಆಡಿ ಮಿಕ್ಕ ಮಾತು ಮಾತ್ರ ನನ್ನ ಪಾಲಿಗೆ," ಎಂದು ಅವನ ದೂರು. ಮಿಕ್ಕುವುದು ಬೈಗುಳವೇ. ಕಾಲೇಜಿಗೆ ಹೋಗುವ ಮಗಳಿಗೆ ಅಮ್ಮ ಬಸ್ಸಿನಲ್ಲಿ ಪಕ್ಕ ಕೂತವರನ್ನೂ ಬಿಡುವುದಿಲ್ಲ ಎಂಬ ನಾಚಿಕೆ. ಇಬ್ಬರೇ ಹೋಗುವಾಗ ಅವಳು ಎರಡು ಸೀಟು ಹಿಂದೆ ಕೂರುತ್ತಾಳೆ.

ಒಂದು ಬೆಳಗಿನ ಸುತ್ತಿನಲ್ಲಿ ಮೂವತ್ತು ಜನರ ಹತ್ತಿರ ಮಾತಾಡಿದರೆ ಮೂವರು ಬರುತ್ತೇನೆ ಅನ್ನುತ್ತಾರೆ. ಬರುವವಳು ಒಬ್ಬಳು. ಆ ಒಬ್ಬಳೂ ಬಂದಿದ್ದಾಳೆಂದು ನಂಬಿ ಕೂರುವ ಹಾಗಿಲ್ಲ. ಇದನ್ನು ನಲ್ಲಿಯಕ್ಕ ಕಲಿತದ್ದು ಇಸ್ತ್ರಿಯಮ್ಮನಿಂದ.

ಇಸ್ತ್ರಿಯಮ್ಮ ಸೈಕಲ್ ಅಂಗಡಿಯ ಮುಂದೆ ತಳ್ಳುಗಾಡಿ ಹಾಕಿಕೊಂಡು ಕೆಂಡದ ಪೆಟ್ಟಿಗೆಯಲ್ಲಿ ಬೀದಿಯ ಬಟ್ಟೆಗಳನ್ನೆಲ್ಲ ಇಸ್ತ್ರಿ ಮಾಡುವ ಹೆಂಗಸು. ವಯಸ್ಸು ಅರವತ್ತರ ಹತ್ತಿರ. ತೋಳು ಗಂಡಸಿನ ತೋಳಿನ ಹಾಗಿದೆ, ನಾಲಿಗೆ ಪೆಟ್ಟಿಗೆಗಿಂತ ಬಿಸಿ. ಹೋದ ವರ್ಷ ಮಳೆ ನಿಂತ ಮೇಲೆ, ನಲ್ಲಿಯಕ್ಕ ತಿಂಗಳುಗಟ್ಟಲೆ ಹಿಂದೆ ಬಿದ್ದು ಅವಳ ಹೆಸರು ಬರೆಸಿದಳು. ದಿನ ಗೊತ್ತಾಯಿತು. ಪರೀಕ್ಷೆಯೂ ಆಯಿತು. ತೊಂದರೆ ಏನೂ ಇಲ್ಲ ಅಂತ ಬಂತು. ನಲ್ಲಿಯಕ್ಕ ಅವತ್ತು ಮನೆಗೆ ಹೋಗಿ ಗಂಡನ ಜೊತೆ ನಗುನಗುತ್ತ ಮಾತಾಡಿದಳಂತೆ. ಅವನಿಗೆ ದಿಗಿಲಾಯಿತಂತೆ.

ಆಮೇಲೆ ಒಂದು ದಿನ ನಲ್ಲಿಯಲ್ಲಿ ಇಸ್ತ್ರಿಯಮ್ಮನ ಸೊಸೆ ಸರದಿಗೆ ನಿಂತಿದ್ದಳು. ಎರಡು ಕೊಡ ಒಯ್ಯುತ್ತಿದ್ದ ಹುಡುಗಿ ಈಗ ನಾಲ್ಕು ಇಟ್ಟಿದ್ದಾಳೆ.

"ಏನೇ, ಮನೆಗೆ ನೆಂಟರು ಬಂದಿದ್ದಾರಾ?"

"ನೆಂಟರೆಲ್ಲಿ ಅಕ್ಕ. ಅತ್ತೆ ಬಟ್ಟೆ ಒಗೀತಾನೇ ಇರ್ತಾರೆ." ಸೊಸೆ ದನಿ ತಗ್ಗಿಸಿದಳು. "ಅವರಿಗೆ ಮತ್ತೆ ಶುರುವಾಗಿದೆ. ನಿಂತು ಏಳೆಂಟು ವರ್ಷ ಆಗಿತ್ತು. ಈಗ ವಾರಕ್ಕೆ ಎರಡು ಮೂರು ದಿನ ಹೋಗುತ್ತೆ. ಮಗನಿಗೆ ಹೇಳಬೇಡ ಅಂದಿದ್ದಾರೆ."

"ಮತ್ತೆ ನಂಗ್ಯಾಕೆ ಹೇಳಲಿಲ್ಲ?"

"ಆಸ್ಪತ್ರೇಲಿ ಏನೂ ಇಲ್ಲ ಅಂತ ಬಂದಿದೆಯಲ್ಲ, ಅದಕ್ಕೇ ಅವರೂ ಧೈರ್ಯವಾಗಿದ್ದಾರೆ."

ನಿಂತುಹೋದ ಮೇಲೆ ಮತ್ತೆ ರಕ್ತ ಹೋಗುವುದು ಧೈರ್ಯದ ವಿಷಯವಲ್ಲ ಎಂಬುದು ಆರು ಮಂಚಗಳಿಗೆ ಬಟ್ಟೆ ಹಾಸಿದವಳಿಗೆ ಚೆನ್ನಾಗಿ ಗೊತ್ತು. ಹಾಗಾದರೆ ಅವತ್ತು ಕಾಣದೆ ಹೋದದ್ದು ಹೇಗೆ?

"ಪರೀಕ್ಷೆ ಮಾಡೋವಾಗ ನೋವು ಗೀವು ಆಯ್ತಾ?"

"ಇಲ್ಲಪ್ಪ. ಸ್ವಲ್ಪ ತಣ್ಣಗಾಯ್ತು, ಅಷ್ಟೆ."

"ತಣ್ಣಗಾಯ್ತು ಅಂತ ಅತ್ತೆ ಹೇಳಿದ್ರಾ?"

"ಅತ್ತೆ ಯಾಕೆ ಹೇಳ್ತಾರೆ? ಹೋಗಿದ್ದು ನಾನಲ್ವಾ?"

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ ನಲ್ಲಿಯಕ್ಕ "ಏನಂದೆ?" ಎಂದು ಕಿರುಚಿದಳು. ಸೊಸೆಗೆ ತಾನು ಮಾಡಿದ ತಪ್ಪೇನೆಂದು ತಿಳಿಯದೆ ಕಣ್ಣಲ್ಲಿ ನೀರು ತುಂಬಿತು. ಅವತ್ತು ಅತ್ತೆಗೆ ಮದುವೆ ಮನೆಯವರ ಬಟ್ಟೆ ರಾಶಿ ಬಿದ್ದಿತ್ತು. ನೀನು ಹೋಗಿ ಮಾಡಿಸ್ಕೊಂಡು ಬಾ ಅಂದರು. ಹೋದಳು. ಅತ್ತೆಯ ಹೆಸರು ಕೂಗಿದಾಗ ಹೂಂ ಅಂದಳು. ರಜದ ಮೇಲಿದ್ದ ನರ್ಸಮ್ಮನ ಬದಲಿಗೆ ಬಂದ ಹುಡುಗಿಗೆ ತಲೆ ಎತ್ತಿ ನೋಡಲು ಪುರುಸೊತ್ತಿರಲಿಲ್ಲ.

ಸೊಸೆಯ ತಪ್ಪೂ ಅಲ್ಲ. ಈ ಬೀದಿ ಬದುಕಿರುವುದೇ ಹಾಗೆ. ಸೀಮೆಎಣ್ಣೆಗೆ ಮನೆಗೊಬ್ಬರು ನಿಂತರೆ ಸಾಕು. ನೀರಿಗೆ ಕೊಡ ಇಟ್ಟು ಹೋದರೂ ನಡೆಯುತ್ತದೆ. ರೇಷನ್ ಅಂಗಡಿಯಲ್ಲಿ ಮನೆ ಯಜಮಾನನ ಹೆಸರು ಕೂಗಿದರೆ ಹತ್ತು ವರ್ಷದ ಹುಡುಗಿ ಕೈ ಎತ್ತುತ್ತಾಳೆ. ಪುಕ್ಕಟೆ ಕೊಡುವುದನ್ನು ಮನೆಯವರಲ್ಲಿ ಯಾರಾದರೊಬ್ಬರು ಹೋಗಿ ತಂದರಾಯಿತು. ಅದು ಹೊಟ್ಟೆಯೊಳಗಿನ ಪರೀಕ್ಷೆಗೂ ಹೊಂದುತ್ತದೆಂದು ಇಸ್ತ್ರಿಯಮ್ಮ ತಿಳಿದರೆ ಅಚ್ಚರಿಯೇನು? ಅಚ್ಚರಿಯೇನೆಂದು ಈಗ ಕೇಳಬಹುದು. ಅವತ್ತು ನಲ್ಲಿಯಕ್ಕನಿಗೆ ತಲೆಯ ಮೇಲೆ ಒಂದು ಕೊಡ ನೀರು ಸುರಿದುಕೊಳ್ಳಬೇಕೆನಿಸಿತಂತೆ. ಸರದಿ ಇರಲಿಲ್ಲ.

ನೇರ ತಳ್ಳುಗಾಡಿಗೆ ಹೋದಳು. ಇಸ್ತ್ರಿಯಮ್ಮ ಕೆಂಡ ಊದುತ್ತಿದ್ದಳು. ನೀವೇ ಯಾಕೆ ಹೋಗಲಿಲ್ಲ ಎಂದು ಕೇಳಿದಳು.

"ಒಂದೇ ಮನೆ, ಒಂದೇ ನೀರು, ಒಂದೇ ಒಲೆ. ಅವಳಿಗಿಲ್ಲ ಅಂದಮೇಲೆ ನಂಗೆಲ್ಲಿಂದ ಬರುತ್ತೆ?"

"ನಿಮಗೆ ಹಲ್ಲು ನೋವು ಬಂದ್ರೆ ಸೊಸೆ ಹಲ್ಲು ಕೀಳಿಸ್ತೀರೇನಮ್ಮ?"

"ಹಂಗೆ ವಾಸಿ ಆಗೋದಾದ್ರೆ ಕೀಳಿಸ್ತಿದ್ದೆ. ಅವಳ ಬಾಯಿಯಾದ್ರೂ ಸ್ವಲ್ಪ ಕಮ್ಮಿ ಆಗ್ತಿತ್ತು."

"ರಕ್ತ ಹೋಗ್ತಿದೆಯಂತೆ."

ಕೆಂಡ ಊದುತ್ತಿದ್ದ ಬಾಯಿ ನಿಂತಿತು. ಸೊಸೆಗೆ ಅವತ್ತು ಸಂಜೆ ಏನು ಕಾದಿದೆ ಎಂಬುದು ಆ ಮುಖದಲ್ಲೇ ಕಂಡಿತು. "ವಯಸ್ಸಿಗೆ ಏನೇನೋ ಆಗುತ್ತೆ. ನಾಲ್ಕು ಹೆತ್ತಿದ್ದೀನಿ, ಒಂದಕ್ಕೂ ಆಸ್ಪತ್ರೆ ಮೆಟ್ಟಿಲು ಹತ್ತಿಲ್ಲ. ಈಗ ಮೊಮ್ಮಕ್ಕಳು ಬಂದಮೇಲೆ ಕಂಡವರ ಮುಂದೆ ಬಟ್ಟೆ ಬಿಚ್ಚಿ ಮಲಗಲಾ? ಹೋಗು, ಕೆಲಸ ನೋಡು."

ಮಾರನೆಯ ದಿನ ಹೋದಳು. ಅದರ ಮಾರನೆಯ ದಿನವೂ ಹೋದಳು. ಬೈಸಿಕೊಂಡಳು, ತಿರುಗಿ ಬೈದಳು. ವಾರ್ಡಿನ ಮೂಲೆಯ ಮಂಚಗಳ ಕತೆಯನ್ನು ಅವಳು ಬೀದಿಯಲ್ಲಿ ಯಾರಿಗೂ ಹೇಳುವುದಿಲ್ಲ. ಹೆದರಿಸಿದರೆ ಬರುವವರೂ ಬರುವುದಿಲ್ಲ ಎನ್ನುವುದು ಅವಳ ಅನುಭವ. ಅವತ್ತು ಮಾತ್ರ ಹೇಳಿದಳು. ವಾಸನೆಯ ಸಮೇತ ಹೇಳಿದಳು. ಇಸ್ತ್ರಿಯಮ್ಮ ಮಡಿಸುತ್ತಿದ್ದ ಬಟ್ಟೆಯ ಮೇಲೆಯೇ ಕಣ್ಣಿಟ್ಟು ಕೇಳಿದಳು. ವಾಸನೆಯ ಮಾತು ಬಂದಾಗ ಒಂದು ಸಲ ತಲೆ ಎತ್ತಿ ಮತ್ತೆ ತಗ್ಗಿಸಿದಳು. ತನಗೂ ಅದು ಗೊತ್ತಿತ್ತೆಂದು ಆಮೇಲೆ ತಾನೇ ಹೇಳಿದಳು. ಅದನ್ನು ಮುಚ್ಚಲು ದಿನವಿಡೀ ಕೆಂಡದ ಹೊಗೆಯಲ್ಲೇ ನಿಲ್ಲುತ್ತಿದ್ದಳಂತೆ.

"ಸರಿ, ಹೋಗ್ತೀನಿ. ಆದ್ರೆ ಈಗಷ್ಟೇ ಕೆಂಡ ಹತ್ತಿದೆ. ಮಧ್ಯಾಹ್ನದೊಳಗೆ ಕೊಡಬೇಕಾದ ಬಟ್ಟೆ ಇಷ್ಟಿದೆ. ನೀನು ನಿಂತು ಮಾಡ್ತೀಯಾ?"

ಮಾಡಲಾರೆ ಎನ್ನುತ್ತಾಳೆ, ತಾನು ಪಾರಾಗುತ್ತೇನೆ ಅನ್ನುವುದು ಇಸ್ತ್ರಿಯಮ್ಮನ ಲೆಕ್ಕ.

"ಮಾಡ್ತೀನಿ."

"ಮಡಿಕೆ ಸರಿಯಾಗಿ ಬರಬೇಕು."

"ಹೊರಡಿ ನೀವು!"

ಜೊತೆಗೆ ಸೊಸೆ ಹೋದಳು. ದಾರಿ, ಕೋಣೆ, ಮಂಚ ಎಲ್ಲ ಅವಳಿಗೆ ಗೊತ್ತಿತ್ತು. ಈ ಸಲ ಅತ್ತೆ ಮಲಗಿದರು, ಸೊಸೆ ಕೈ ಹಿಡಿದುಕೊಂಡು ನಿಂತಳು. ಇತ್ತ ನಲ್ಲಿಯಕ್ಕ ಜೀವಮಾನದಲ್ಲಿ ಮೊದಲ ಸಲ ಕೆಂಡದ ಪೆಟ್ಟಿಗೆ ಹಿಡಿದಳು. ಅದು ಕೈಚೀಲದ ಹಾಗಿರುತ್ತದೆ ಅಂದುಕೊಂಡಿದ್ದಳು. ಎತ್ತಿದರೆ ಕರುವಿನಷ್ಟು ಭಾರ. ಎರಡು ದಿಂಬಿನ ಚೀಲ, ಒಂದು ಪ್ಯಾಂಟು ಹೇಗೋ ಮುಗಿಯಿತು. ನಾಲ್ಕನೆಯದು ಬಸ್ಸಿನ ಕಂಡಕ್ಟರ ಅಂಗಿ. ಮೈಮೇಲೆ ಹಾಕಿಕೊಂಡು ಮದುವೆಗೆ ಹೋಗುವಂಥದ್ದು. ಆಸ್ಪತ್ರೆಯ ದಾರಿಯತ್ತ ಒಂದು ಸಲ ಕತ್ತು ತಿರುಗಿಸಿ ನೋಡಿದ್ದಷ್ಟೇ. ಅಂಗಿಯ ಬೆನ್ನು ಸುಟ್ಟು ಪೆಟ್ಟಿಗೆಯ ಅಚ್ಚು ಪೂರ್ತಿ ಮೂಡಿಬಿಟ್ಟಿತು.

ಅವರಿಬ್ಬರು ಮರಳಿದ್ದು ಬಿಸಿಲು ನೆತ್ತಿಗೇರಿದ ಮೇಲೆ. ನರ್ಸಮ್ಮ ಮದ್ದಿನ ನೀರು ಸವರುವ ಗೋಜಿಗೂ ಹೋಗದೆ, ನೋಡಿದ ಕೂಡಲೇ ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಟ್ಟಿದ್ದರು. ಅಲ್ಲಿ ಮಾಂಸದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಉತ್ತರ ಬರುವವರೆಗೆ ಇಸ್ತ್ರಿಯಮ್ಮ ಯಾರ ಜೊತೆಯೂ ಜಗಳವಾಡಲಿಲ್ಲ. ಬೀದಿಗೆ ಅದೇ ಹೆದರಿಕೆ ಹುಟ್ಟಿಸಿತು. ಕ್ಯಾನ್ಸರ್ ಶುರುವಾಗಿತ್ತು. ಹುಟ್ಟಿದ ಜಾಗ ಬಿಟ್ಟು ಹೋಗಿರಲಿಲ್ಲ. ಕರೆಂಟು ಕೊಟ್ಟು, ಅಂದರೆ ರೇಡಿಯೇಷನ್ನಿನಿಂದ ಸುಡುತ್ತೇವೆ, ತಪ್ಪದೆ ಬಂದರೆ ವಾಸಿಯಾಗುವ ದಾರಿ ಚೆನ್ನಾಗಿಯೇ ಇದೆ ಎಂದು ಡಾಕ್ಟರು ಹೇಳಿದರು. ಇನ್ನೊಂದು ವರ್ಷ ಸೊಸೆಯ ಹೊಟ್ಟೆಯ ಧೈರ್ಯದ ಮೇಲೆ ಕೂತಿದ್ದರೆ ಆ ದಾರಿ ಇರುತ್ತಿರಲಿಲ್ಲ.

ಈಗ ಇಸ್ತ್ರಿಯಮ್ಮ ವಾರದಲ್ಲಿ ಐದು ದಿನ ಬೆಳಿಗ್ಗೆ ದೊಡ್ಡಾಸ್ಪತ್ರೆಗೆ ಹೋಗುತ್ತಾಳೆ. ಕೆಲವು ದಿನ ಮಗ ಕರೆದೊಯ್ಯುತ್ತಾನೆ, ಆಗ ಗಾಡಿ ಸೊಸೆಯದು. ಮಿಕ್ಕ ದಿನ ಸೊಸೆಯೇ ಹೋಗಬೇಕು, ಆಗ ನಲ್ಲಿಯ ಸುತ್ತು ಮುಗಿಸಿ ನಲ್ಲಿಯಕ್ಕ ಬಂದು ನಿಲ್ಲುತ್ತಾಳೆ. ಕೃತಜ್ಞತೆ ಗಿತಜ್ಞತೆ ಏನೂ ಇಲ್ಲ. "ಇವಳು ಬಂದು ಕೆದಕೋವರೆಗೂ ನಾನು ಚೆನ್ನಾಗೇ ಇದ್ದೆ," ಎಂದು ಇಸ್ತ್ರಿಯಮ್ಮ ಬಂದವರಿಗೆಲ್ಲ ಹೇಳುತ್ತಾಳೆ. ಆಸ್ಪತ್ರೆಯಿಂದ ಬಂದು ಸುಸ್ತಾಗಿ ಸ್ಟೂಲಿನ ಮೇಲೆ ಕೂತರೂ, ಕಣ್ಣು ಮಡಿಕೆಯ ಮೇಲೆ. "ತೋಳು ಹಂಗಾ ಮಡಿಸೋದು? ಬಿಚ್ಚು, ಮತ್ತೆ ಮಾಡು."

ಇಷ್ಟೆಲ್ಲ ಆದಮೇಲೆ ಬೀದಿಯ ಹೆಂಗಸರು ಸಾಲುಗಟ್ಟಿ ಬಂದಿರಬೇಕು ಅಂತ ಯಾರಾದರೂ ಅಂದುಕೊಂಡರೆ ಅವರು ಈ ಬೀದಿ ನೋಡಿಲ್ಲ ಎಂದೇ ಅರ್ಥ. "ಇಸ್ತ್ರಿಯಮ್ಮಂಗೆ ಬಂತಲ್ಲ, ಇನ್ನು ನಮ್ಮ ಬೀದಿ ಬಿಟ್ಟು ಹೋಯ್ತು ಬಿಡಕ್ಕ," ಎಂದಳಂತೆ ಡಬ್ಬದವಳು. ಮೊದಲು ಮನೆಗೊಬ್ಬರು ಅನ್ನುತ್ತಿದ್ದವರು ಈಗ ಬೀದಿಗೊಬ್ಬರು ಸಾಕು ಅನ್ನುತ್ತಿದ್ದಾರೆ. ಆರೋಗ್ಯ ಕೇಂದ್ರದಲ್ಲಿ ಮಾತ್ರ ಒಂದು ಬದಲಾವಣೆ ಆಗಿದೆ. ನಲ್ಲಿಯಕ್ಕ ಹಟ ಹಿಡಿದು ಮಾಡಿಸಿದ್ದು. ಹೆಸರು ಕೂಗಿದ ಮೇಲೆ ನರ್ಸಮ್ಮ ಮುಖ ನೋಡಿ "ನೀವೇನಾ?" ಎಂದು ಕೇಳುತ್ತಾರೆ. "ನಾನಲ್ದೆ ಇನ್ಯಾರು?" ಎಂದು ಬಂದವರು ಸಿಡುಕುತ್ತಾರೆ. ಸಿಡುಕಲಿ, ಆ ಸಿಡುಕು ಕೇಳಿದರೆ ನೆಮ್ಮದಿ ಎನ್ನುತ್ತಾಳೆ ನಲ್ಲಿಯಕ್ಕ. ಇನ್ನು ಆ ಸೊಸೆ. ಅವಳ ಪರೀಕ್ಷೆ ಅತ್ತೆಯ ಹೆಸರಿಗೆ ಹೋಗಿದ್ದರಿಂದ, ಮೂವತ್ತು ತುಂಬಿದ ಮೇಲೆ ತನ್ನ ಹೆಸರಲ್ಲೇ ಇನ್ನೊಂದು ಸಲ ಹೋಗಬೇಕು. "ಒಂದು ಸಲ ಮಾಡ್ಸಿದೀನಲ್ಲ!" ಎಂದು ಅವಳ ವರಾತ.

ಈ ವಾರ ಕಂಡಕ್ಟರು ಅಂಗಿ ಕೇಳಿಕೊಂಡು ಮತ್ತೆ ಬಂದರು. ಡ್ಯೂಟಿ ಮುಗಿಸಿ ಬಂದವರು, ಮುಖದ ತುಂಬ ಧೂಳು.

"ನನ್ನ ಅಂಗಿ ಕತೆ ಏನಾಯ್ತಮ್ಮ?"

ಇಸ್ತ್ರಿಯಮ್ಮ ಸ್ಟೂಲಿನಿಂದಲೇ ಗದ್ದ ತೋರಿಸಿದಳು. "ಸುಟ್ಟವಳು ಅಲ್ಲೇ ನಿಂತಿದ್ದಾಳೆ, ಹಿಡ್ಕೊಳ್ಳಿ."

"ಹೊಸದೇ ಕೊಡಿಸ್ತೀನಿ ಅಣ್ಣ," ಎಂದಳು ನಲ್ಲಿಯಕ್ಕ. "ನಿಮ್ಮ ಮನೆಯವರನ್ನ ಒಂದು ಸಲ ನನ್ನ ಜೊತೆ ಆರೋಗ್ಯ ಕೇಂದ್ರಕ್ಕೆ ಕಳಿಸಿ. ಬರ್ತಾ ಅಂಗಿ ತಗೊಂಡೇ ಬರೋಣ."

"ಸುಟ್ಟಿದ್ದೂ ನೀನು, ಷರತ್ತು ಹಾಕೋದೂ ನೀನಾ? ಅವಳಿಗೇನಾಗಿದೆ? ಗುಂಡುಕಲ್ಲಿನ ಹಂಗಿದ್ದಾಳೆ."

ನಲ್ಲಿಯಕ್ಕ ಪೆಟ್ಟಿಗೆಯನ್ನು ಧೊಪ್ಪೆಂದು ಇಟ್ಟಳು. "ಗುಂಡುಕಲ್ಲಿನ ಹಂಗೆ ಇರೋವಾಗಲೇ ಬರ್ಲಿ ಅಂತಲೇ ಅಲ್ವಾ ನಾನು ಇಷ್ಟು ವರ್ಷ ಬಾಯಿ ಬಡ್ಕೊಂಡಿದ್ದು! ನಿಮ್ಮ ಬಸ್ಸು ಕೆಟ್ಟು ನಿಂತ ಮೇಲೇ ಡಿಪೋಗೆ ಒಯ್ತೀರಾ?"

"ನಮ್ಮ ಬಸ್ಸು ಹಂಗೇ," ಎಂದರು ಕಂಡಕ್ಟರು, ಮುಖ ಸಣ್ಣ ಮಾಡಿಕೊಂಡು.

ಮರುದಿನ ಅವರ ಹೆಂಡತಿ ಬಂದಳು. ನಲ್ಲಿಯಕ್ಕನನ್ನು ಕಂಡರೆ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದವಳು. ಬಟ್ಟೆಯ ಗಂಟು ಗಾಡಿಯ ಮೇಲಿಟ್ಟು, ಗಂಡನಿಗೆ ತಿಳಿನೀಲಿ ಒಪ್ಪುತ್ತದೆ, ಚೌಕಳಿ ಬೇಡ ಎಂದಳು. ಹೋಗಲಿಲ್ಲ. ಗಂಟಿನ ತುದಿಯನ್ನು ಬಿಚ್ಚಿ ಮತ್ತೆ ಕಟ್ಟಿದಳು.

"ಅದು ಮಾಡೋವಾಗ ನೋವಾಗುತ್ತಾ?"

ನಲ್ಲಿಯಕ್ಕ ಬಾಯಿ ತೆರೆಯುವಷ್ಟರಲ್ಲಿ ಇಸ್ತ್ರಿಯಮ್ಮ ಹೇಳಿದಳು: "ನನ್ನ ಸೊಸೆಗೆ ಆಗಲಿಲ್ಲ. ನಂಗಾಯ್ತು. ಇಬ್ಬರಲ್ಲಿ ಯಾರ ಥರ ಹೋಗ್ತೀಯೋ ನೋಡ್ಕೋ."

ಆ ಹೆಂಗಸು ಗಂಟಿನ ತುದಿ ಬಿಟ್ಟಳು. ಆಮೇಲೆ, ಈ ವಾರ ಆಗುವುದಿಲ್ಲ, ಮನೆಗೆ ಬಣ್ಣ ಹೊಡೆಸುತ್ತಿದ್ದೇವೆ, ಮುಂದಿನ ವಾರ ನೋಡೋಣ ಎಂದು ಹೇಳಿ ಹೊರಟುಹೋದಳು. ನಲ್ಲಿಯಕ್ಕ ಅವಳ ಬೆನ್ನನ್ನು ಮೂಲೆ ತಿರುಗುವವರೆಗೂ ನೋಡಿ, ಹಲ್ಲು ಕಚ್ಚಿ, ಪೆಟ್ಟಿಗೆ ಎತ್ತಿಕೊಂಡಳು.

"ಆ ಅಂಗಿ ತಂದು ಅವರ ಮುಖಕ್ಕೆ ಎಸೆದುಬಿಡು, ಋಣ ಹರಿದುಹೋಗಲಿ," ಎಂದಳು ಇಸ್ತ್ರಿಯಮ್ಮ.

"ಕೊಡಲ್ಲ," ಎಂದಳು ನಲ್ಲಿಯಕ್ಕ. "ಇಷ್ಟು ವರ್ಷ ನಾನು ಎಲ್ಲರ ಹಿಂದೆ ತಿರುಗಿದ್ದಾಯ್ತು. ಒಬ್ಬಳಾದ್ರೂ ನನ್ನ ಹಿಂದೆ ತಿರುಗಲಿ."